ಐವತ್ತು ನಿಮಿಷದಲ್ಲಿ ಸುರಿಯಬಹುದು

ಸೆಪ್ಟೆಂಬರ್ 30, 2025, ಮಂಗಳವಾರ

ಲ್ಯಾಬಿನಲ್ಲಿ ಆಯುಧಪೂಜೆ. ನಾಳೆ, ನಾಡಿದ್ದು ರಜೆಯಾದ್ದರಿಂದ ಇವತ್ತೇ ಮುಗಿಸಿದೆವು. ಗೇಟಿನ ಬಳಿ ಬೂದುಗುಂಬಳ ಒಡೆದರು. ಕೆಳಗಿನ ಪ್ಲಾಂಟಿನವರು ದೊಡ್ಡ ರಿಯಾಕ್ಟರುಗಳಿಗೆ ಬಾಳೆಕಂದು ಕಟ್ಟಿದರು. ಮೇಲಿನ ಲ್ಯಾಬಿನಲ್ಲಿ ಅರಿಶಿನ ಕುಂಕುಮ ಹಚ್ಚುವುದು ಪ್ರತಿವರ್ಷ ನನ್ನ ಪಾಲಿಗೆ. ತಕ್ಕಡಿ, ಓವನ್, ಎರಡು ಲೀಟರಿನ ಗಾಜಿನ ರಿಯಾಕ್ಟರ್, ಅದರ ಮುಚ್ಚಳ, ಎಲ್ಲಕ್ಕೂ ಹಚ್ಚಿದೆ. ಮಂಗಳಾರತಿ ಆಗಿ ಅರ್ಧ ಗಂಟೆಗೆ ರಿಯಾಕ್ಟರಿನ ಮೇಲಿದ್ದದ್ದನ್ನು ಅಸಿಟೋನ್ ಹಾಕಿ ನಾನೇ ಒರೆಸಿದೆ.

"ರಜಾ ಮುಗಿಯೋವರ್ಗೂ ಇರ್ಲಿ ಬಿಡೇ. ಹಚ್ಚಿದ ಕೈಲೇ ಒರೆಸ್ತಾರಾ ಯಾರಾದ್ರೂ?" ಎಂದರು ಶ್ಯಾಮಲಾ. ವಿಶ್ಲೇಷಣೆಯ ಯಂತ್ರ ನೋಡಿಕೊಳ್ಳುವವರು. ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ದೊಡ್ಡವರು.

"ಶುಕ್ರವಾರ ಬೆಳಗ್ಗೆ ರನ್ ಇದೆ. ಬೇರೆಯವ್ರು ಒರೆಸಿದ್ರೆ ನಂಗೆ ಸಮಾಧಾನ ಇಲ್ಲ."

"ಗೊತ್ತು, ಗೊತ್ತು. ನಾವೆಲ್ಲ ಕೊಳಕರು."

ಮನೆಗೆ ಬಂದ ಮೇಲೆ ಅಪ್ಪ ಪತ್ರಿಕೆ ಮಡಚಿಟ್ಟು ಹೊಸ ಕೆಲಸ ಏನೆಂದು ಕೇಳಿದರು. ಹೇಳಿದೆ. ಸಾರಜನಕದ ಮೇಲೆ ಒಂದು ಎಲೆಕ್ಟ್ರಾನು ಜೋಡಿಯಿಲ್ಲದೆ ಉಳಿದರೆ ಅದು ರಾಡಿಕಲ್. ಅದು ಸುಮ್ಮನೆ ಕೂರುವುದಿಲ್ಲ. ತನ್ನದೇ ಅಣುವಿನ ಬಾಲದಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಬಾಲ ಬಾಗಿ ಬಂದು ಉಂಗುರವಾಗುತ್ತದೆ. ಆ ಉಂಗುರ ಒಂದು ಮಾತ್ರೆಯ ಕಚ್ಚಾಮಾಲು. ಒಂದು ರಾಡಿಕಲ್ ಮುಗಿಯುವಾಗ ಇನ್ನೊಂದು ಹುಟ್ಟುತ್ತದೆ, ಸರಪಳಿಯಂತೆ. ಆ ಸರಪಳಿ ಎಷ್ಟು ವೇಗವಾಗಿ ಓಡುತ್ತದೆ, ಎಷ್ಟು ಬಿಸಿ ಬಿಡುತ್ತದೆ ಎಂದು ಅಳೆಯುವುದು ನನ್ನ ಕೆಲಸ.

"ಅಳೆದು?"

"ಕೆಳಗೆ ಸಾವಿರ ಲೀಟರಿನ ಪಾತ್ರೆಗೆ ಎಷ್ಟು ಹೊತ್ತಲ್ಲಿ ಸುರೀಬೇಕು ಅಂತ ಬರ್ಕೊಡ್ತೀನಿ."

"ಅಂದ್ರೆ ಗೇಜು ನೀನೇ," ಎಂದರು. ಸರ್ಕಾರಿ ಯಂತ್ರ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಇದ್ದವರು. ಎಲ್ಲವನ್ನೂ ಅಳತೆಯ ಗೇಜಿಗೆ ತಂದು ನಿಲ್ಲಿಸುತ್ತಾರೆ.

ಅಕ್ಟೋಬರ್ 6, ಸೋಮವಾರ

ಶುಕ್ರವಾರ ಒಂದು ರನ್, ಇವತ್ತು ಎರಡು. ಮೂರೂ ಒಂದೇ ಉತ್ತರ ಕೊಟ್ಟಿವೆ. ವ್ಯತ್ಯಾಸ ನೂರಕ್ಕೆ ಎರಡು. ಇಷ್ಟು ಹೊಂದುವ ಅಂಕಿ ಈ ವರ್ಷ ಬಂದಿರಲಿಲ್ಲ.

ಕ್ರಿಯೆ ನಿಧಾನ. ಸಾರಜನಕದ ರಾಡಿಕಲ್ ಅಂದರೆ ಅವಸರದ್ದು ಎಂದು ಎಲ್ಲರೂ ಬರೆಯುತ್ತಾರೆ, ಈ ಅಣುವಿನಲ್ಲಿ ಹಾಗಿಲ್ಲ. ಬಿಸಿ ಒಮ್ಮೆಲೇ ನುಗ್ಗುವುದಿಲ್ಲ, ಆರು ಗಂಟೆಯಲ್ಲಿ ಹರಡಿಕೊಂಡು ಬರುತ್ತದೆ. ನನಗೆ ಆಶ್ಚರ್ಯವಾಯಿತು. ಆದರೆ ಅಂಕಿ ಅಂಕಿಯೇ.

ಅಕ್ಟೋಬರ್ 8, ಬುಧವಾರ

ವರದಿ ಕೊಟ್ಟೆ. ಕೊನೆಯ ಸಾಲು: ಬಿಸಿ ನಿಧಾನವಾಗಿ ಹೊರಬರುವುದರಿಂದ ರಾಡಿಕಲ್ ಹುಟ್ಟಿಸುವ ಕ್ಲೋರೋ ದ್ರಾವಣವನ್ನು ಐವತ್ತು ನಿಮಿಷದಲ್ಲಿ ಸುರಿಯಬಹುದು. ಶಿವಶಂಕರ್ ಸಾರ್‌ಗೆ ಬಹಳ ಸಂತೋಷ. ಲ್ಯಾಬು, ಪ್ಲಾಂಟು ಎರಡೂ ಅವರ ಕೈಕೆಳಗೆ. "ದಿನಕ್ಕೆ ಎರಡು ಬ್ಯಾಚ್ ತೆಗೀಬಹುದಲ್ರೀ!" ಎಂದರು. ಇಪ್ಪತ್ತಮೂರಕ್ಕೆ ಮೊದಲ ಬ್ಯಾಚ್.

ಮಧ್ಯಾಹ್ನ ಪ್ಲಾಂಟಿನ ಆಪರೇಟರ್ ಒಬ್ಬ ಹಾಳೆ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದ. ಇಲ್ಲೇ ಜಿಗಣಿಯವನಂತೆ, ಐವತ್ತರ ಹತ್ತಿರದವನು. ಒಳಗೆ ಬರಲಿಲ್ಲ.

"ಓದ್ಸಲ ಇಂತದ್ದೇ ಮಾಲ್ಗೆ ನಾಕ್ ಗಂಟೆ ಬಿಟ್ಟಿದ್ವಿ ಮೇಡಂ. ಇದ್ಕ್ಯಾಕೆ ಐವತ್ತೇ ನಿಮ್ಸ?"

"ಅದು ಬೇರೆ ಅಣು. ಇದನ್ನ ಮೂರು ಸಲ ಅಳೆದಿದ್ದೀನಿ."

"ಅಲ್ಲ, ವಾಸ್ನೆ ಅದೇ ಐತಲ್ಲ, ಅದುಕ್ಕೆ ಕೇಳ್ದೆ."

ವಾಸನೆ ನೋಡಿ ವೇಗ ಹೇಳುವವರಿಗೆ ಏನು ಉತ್ತರ ಕೊಡುವುದು? ಹಾಳೆಯಲ್ಲಿ ಇರುವಂತೆ ಮಾಡಿ ಎಂದು ಕಳಿಸಿದೆ.

ಅಕ್ಟೋಬರ್ 13, ಸೋಮವಾರ

ಶ್ಯಾಮಲಾ ತಮ್ಮ ಯಂತ್ರದ ಪರೀಕ್ಷೆಗೆಂದು ಅದೇ ಮಿಶ್ರಣವನ್ನು ಬೆರಳುದ್ದದ ಮುಚ್ಚಿದ ಸೀಸೆಗಳಲ್ಲಿ ಮಾಡಿದ್ದಾರೆ. ಅವರ ಸೀಸೆಯಲ್ಲಿ ಕ್ರಿಯೆ ನನ್ನದಕ್ಕಿಂತ ಆರು ಪಟ್ಟು ವೇಗ. ಬೆಳಗ್ಗೆಯೇ ನನ್ನ ಮೇಜಿನ ಮೇಲೆ ಹಾಳೆ ಇಟ್ಟಿದ್ದರು.

ಸೀಸೆ ಬೇರೆ, ರಿಯಾಕ್ಟರ್ ಬೇರೆ ಎಂದೆ. ಮಾದರಿ ತೆಗೆದ ಮೇಲೂ ಕ್ರಿಯೆ ನಿಲ್ಲದೆ ನಡೆದಿರಬೇಕು, ತಕ್ಷಣ ತಣ್ಣಗೆ ಮಾಡಿದ್ದಿರಾ ಎಂದು ಕೇಳಿದೆ.

"ಇಪ್ಪತ್ತಾರು ವರ್ಷದಿಂದ ತಣ್ಣಗೆ ಮಾಡ್ತಿದ್ದೀನಮ್ಮ," ಎಂದರು. ಆಮೇಲೆ ಊಟಕ್ಕೆ ಕರೆಯಲಿಲ್ಲ.

ಅಕ್ಟೋಬರ್ 15, ಬುಧವಾರ

ಅವರ ತಪ್ಪನ್ನು ತೋರಿಸಿಯೇ ಬಿಡೋಣ ಎಂದು ಸ್ಟೋರಿನಿಂದ ಇನ್ನೊಂದು ರಿಯಾಕ್ಟರ್ ತರಿಸಿದೆ. ಡಬ್ಬದಿಂದ ತೆಗೆಯದ ಹೊಸದು. ನಾನೇ ಜೋಡಿಸಿ, ನಾನೇ ತುಂಬಿ, ನಾನೇ ಓಡಿಸಿದೆ. ಒಂದು ಗಂಟೆಯೊಳಗೆ ಕ್ರಿಯೆ ಮುಗಿದುಹೋಯಿತು. ತಾಪಮಾನದ ಗೆರೆ ಗೋಡೆಯಂತೆ ನೆಟ್ಟಗೆ ಎದ್ದಿತು.

ಆರು ಪಟ್ಟು. ಶ್ಯಾಮಲಾರ ಅಂಕಿಯೇ.

ಇವತ್ತು ತೆರೆದ ದ್ರಾವಕದ ಹೊಸ ಡಬ್ಬ ಸರಿಯಿಲ್ಲದಿರಬಹುದು. ನಾಳೆ ಇದೇ ಡಬ್ಬದಿಂದ ಹಳೆಯ ರಿಯಾಕ್ಟರಿನಲ್ಲಿ ಮಾಡುತ್ತೇನೆ. ಆಗ ಗೊತ್ತಾಗುತ್ತದೆ.

ಅಕ್ಟೋಬರ್ 16, ಗುರುವಾರ

ಅದೇ ಡಬ್ಬ. ಹಳೆಯ ರಿಯಾಕ್ಟರ್. ನಿಧಾನ.

ಶಿವಶಂಕರ್ ಸಾರ್ ಬ್ಯಾಚನ್ನು ಮುಂಚೆಯೇ ಇಟ್ಟುಕೊಂಡಿದ್ದಾರೆ. ದೀಪಾವಳಿಗೆ ಪ್ಲಾಂಟಿನ ಅರ್ಧ ಜನ ಊರಿಗೆ ಹೋಗುತ್ತಾರೆ, ಗಿರಾಕಿ ಕಂಪನಿಯವರೂ ನೋಡಬೇಕೆಂದಿದ್ದಾರೆ. ಇಪ್ಪತ್ತಮೂರರ ಬದಲು ಶನಿವಾರವೇ.

ನಾಡಿದ್ದು.

ಅಕ್ಟೋಬರ್ 17, ಶುಕ್ರವಾರ

ಹಳೆಯ ರಿಯಾಕ್ಟರನ್ನು ಬಿಚ್ಚಿದೆ. ಗಾಜು ಸ್ವಚ್ಛ. ಕಲಕುವ ಕಡ್ಡಿ ಸ್ವಚ್ಛ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ಕೂರುವ ರಬ್ಬರ್ ವಾಷರಿನ ಒಳಅಂಚು ಒಂದು ಕಡೆ ಹಳದಿಯಾಗಿತ್ತು. ಹಳೆಯದಾಗಿ ಬಣ್ಣ ತಿರುಗಿದೆ ಎಂದುಕೊಂಡೆ. ಶ್ಯಾಮಲಾ ಹತ್ತಿರ ಬಂದು ನೋಡಿ, ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಲೆಯ ನೇರಳೆ ದೀಪದ ಕೆಳಗೆ ಹಿಡಿದರು. ಹಳದಿ ಹಸಿರಾಗಿ ಹೊಳೆಯಿತು.

"ನಮ್ಮನೆ ಮಿಕ್ಸಿ ಜಾರಿನ ವಾಷರೂ ಹೀಗೇ ಇದೆ," ಎಂದರು. "ಎಷ್ಟು ತಿಕ್ಕಿದ್ರೂ ಹೋಗಲ್ಲ."

ಅರಿಶಿನ. ಮುಚ್ಚಳಕ್ಕೆ ನಾನು ಹಚ್ಚಿದ್ದು. ಅಸಿಟೋನಿನಲ್ಲಿ ಅರಿಶಿನದ ಬಣ್ಣ ಸಲೀಸಾಗಿ ಕರಗುತ್ತದೆ. ನಾನು ಒರೆಸಿದಾಗ ಕರಗಿ, ಸಂದಿನಲ್ಲಿ ಇಳಿದು, ರಬ್ಬರಿಗೆ ಕೂತಿದೆ. ಪ್ರತಿ ರನ್ನಿನಲ್ಲೂ ಆವಿ ಮೇಲೆ ಹೋಗಿ, ಹನಿಯಾಗಿ, ಅಲ್ಲಿಂದ ಒಂದಿಷ್ಟು ಇಳಿಸಿಕೊಂಡು ಬಂದಿದೆ. ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ಸಾರ ರಾಡಿಕಲ್ಲುಗಳನ್ನು ಹಿಡಿದು ನಿಲ್ಲಿಸುತ್ತದೆ. ಸರಪಳಿ ನಡುನಡುವೆ ತುಂಡಾಗುತ್ತಿತ್ತು, ನಾನು ಅದನ್ನು ಅಣುವಿನ ಸ್ವಭಾವ ಎಂದು ಬರೆದೆ. ಮೂರು ಸಲ ಒಂದೇ ಉತ್ತರ ಬಂದದ್ದು ಮೂರು ಸಲವೂ ಒಂದೇ ವಾಷರ್ ಇದ್ದದ್ದರಿಂದ.

ಪ್ಲಾಂಟಿನ ರಿಯಾಕ್ಟರಿನ ಒಳಗೆ ಅರಿಶಿನವಿಲ್ಲ. ಅಲ್ಲಿ ಗೋಡೆಯಂತೆ ಏಳುವ ಗೆರೆಯೇ ನಿಜ. ಐವತ್ತು ನಿಮಿಷದಲ್ಲಿ ಸುರಿದರೆ ಆ ಬಿಸಿಯನ್ನು ಹೊರತೆಗೆಯಲು ಪಾತ್ರೆಯ ಸುತ್ತಿನ ನೀರಿಗೆ ಆಗುವುದಿಲ್ಲ.

ನಾಲ್ಕೂವರೆಗೆ ಶಿವಶಂಕರ್ ಸಾರ್‌ಗೆ ಫೋನ್ ಮಾಡಿದೆ. ಗಿರಾಕಿಗಳ ಜೊತೆ ಮಾರತ್ತಹಳ್ಳಿಯ ಹೋಟೆಲಿನಲ್ಲಿದ್ದರು.

"ಸೇಫಾ, ಅಲ್ವಾ? ಒಂದೇ ಮಾತಲ್ಲಿ ಹೇಳ್ರೀ."

"ಒಂದು ಮರುಪರೀಕ್ಷೆ ಬಾಕಿ ಇದೆ ಸಾರ್. ಬಹುಶಃ..."

"ಬಹುಶಃ ಅಂದ್ರೇನ್ರೀ? ವರದಿಗೆ ಸೈನ್ ಹಾಕಿರೋರು ನೀವು. ಏನಿದ್ರೂ ಬರೆದು ಕಳಿಸಿ."

ನಿಲ್ಲಿಸಿ ಎಂದು ಬರೆದರೆ ಏಕೆ ಎಂದೂ ಬರೆಯಬೇಕು. ಪೂಜೆಯ ಅರಿಶಿನ ಎಂದು ಯಾವ ಮುಖದಲ್ಲಿ ಬರೆಯಲಿ? ಪ್ರತಿಯೊಬ್ಬರ ಕೈ ಕೊಳಕು ಎನ್ನುತ್ತಿದ್ದವಳು ನಾನು. ಮೇಲ್‌ನಲ್ಲಿ ಹೀಗೆ ಬರೆದೆ: ಕ್ರಿಯೆಯ ವೇಗದ ಬಗ್ಗೆ ಒಂದು ಮರುಪರಿಶೀಲನೆ ನಡೆಯುತ್ತಿದೆ, ದಯವಿಟ್ಟು ಗಮನಿಸುವುದು.

ತಿಳಿಸಿದ್ದೇನೆ. ಬರಹದಲ್ಲಿ ತಿಳಿಸಿದ್ದೇನೆ. ನನ್ನ ಕಡೆಯಿಂದ ಆಗಬೇಕಾದದ್ದು ಆಗಿದೆ.

ಊಟ ಸೇರಲಿಲ್ಲ. ಅಪ್ಪ ಕೇಳಿದರು. ತಲೆನೋವು ಎಂದೆ.

ಅಕ್ಟೋಬರ್ 18, ಶನಿವಾರ

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಬೆಳಗ್ಗೆ ಏಳಕ್ಕೆ ಮೇಲ್ ನೋಡಿದೆ. ಶಿವಶಂಕರ್ ಸಾರ್ ಉತ್ತರ: "ಗಮನಿಸಲಾಗಿದೆ. ಬ್ಯಾಚ್ 8:30ಕ್ಕೆ." ಫೋನ್ ಮಾಡಿದೆ, ಎತ್ತಲಿಲ್ಲ. ಗಿರಾಕಿಗಳನ್ನು ಕರೆದುಕೊಂಡು ಕಾರಿನಲ್ಲಿ ಬರುತ್ತಿದ್ದರಂತೆ. ಪ್ಲಾಂಟಿನಲ್ಲಿ ದ್ರಾವಕ ಇರುವುದರಿಂದ ಎಲ್ಲರ ಮೊಬೈಲೂ ಗೇಟಿನ ಕಪಾಟಿನಲ್ಲಿ. ಕಂಟ್ರೋಲ್ ರೂಮಿನ ಫೋನು ಹೊಡೆದುಕೊಂಡೇ ಇತ್ತು. ಕಾಲಿಗೆ ಸಿಕ್ಕ ಚಪ್ಪಲಿ ಹಾಕಿಕೊಂಡು ಸ್ಕೂಟರ್ ತೆಗೆದೆ. ಹೆಬ್ಬಗೋಡಿಯಿಂದ ಹೊರಬೀಳುವುದಕ್ಕೇ ಇಪ್ಪತ್ತು ನಿಮಿಷ, ಹಬ್ಬದ ಖರೀದಿಯ ಜನ. ಜಿಗಣಿ ರಸ್ತೆಯಲ್ಲಿ ಒಂದು ಟ್ರಕ್ಕು ಅಡ್ಡ ನಿಂತಿತ್ತು. ಗೇಟು ತಲುಪಿದಾಗ 8:36.

ಗೇಟಿನಲ್ಲಿ ಸೆಕ್ಯುರಿಟಿಯ ಹನುಮಯ್ಯ ಕೈ ಅಡ್ಡ ಹಿಡಿದರು.

"ಚಪ್ಪಲೀಲಿ ಒಳಿಕ್ ಬಿಡಂಗಿಲ್ಲ ಮೇಡಂ. ನೀವೇ ಮಾಡಿರೋ ರೂಲ್ಸು."

"ಫೀಡ್ ಶುರುವಾಯ್ತಾ?"

"ಅದೆಲ್ಲ ನಂಗೇನ್ ಗೊತ್ತು?"

"ನಿಮ್ಮ ಶೂ ಕೊಡಿ."

ನನ್ನ ಮುಖವನ್ನು ಒಂದು ಕ್ಷಣ ನೋಡಿ, ಕುರ್ಚಿಯ ಮೇಲೆ ಕೂತು ಬಿಚ್ಚಿಕೊಟ್ಟರು. ಎರಡು ಸೈಜು ದೊಡ್ಡದು. ಓಡಲು ಆಗಲಿಲ್ಲ. ಕಾಲೆಳೆದುಕೊಂಡು ಹೋದೆ. ಕಬ್ಬಿಣದ ಮೆಟ್ಟಿಲು ಹತ್ತಿ ಪ್ಲಾಟ್‌ಫಾರಂ ಮೇಲೆ ಕಾಲಿಟ್ಟಾಗ 8:42. ಮೂವರಿದ್ದರು. ವಾಲ್ವಿನ ಬಳಿ ಅವತ್ತು ಬಾಗಿಲಿಗೆ ಬಂದಿದ್ದ ಮುನಿರಾಜು. ಫೀಡ್ ಶುರುವಾಗಿ, ಅಂದರೆ ದ್ರಾವಣ ಬಿಡತೊಡಗಿ, ಹನ್ನೆರಡು ನಿಮಿಷ. ಶುರುವಿನಲ್ಲಿ 55 ಡಿಗ್ರಿ ಇದ್ದದ್ದು 61 ತೋರಿಸುತ್ತಿತ್ತು. ನನ್ನ ವರದಿಯ ಪ್ರಕಾರ 55ನ್ನು ದಾಟಲೇಬಾರದು.

"ವಾಲ್ವ್ ಮುಚ್ಚಿ."

"ಸಾರ್ ಏಳ್ಬೇಕು ಮೇಡಂ."

"ನನ್ನ ನಂಬರ್ ತಪ್ಪು. ಮುಚ್ಚಿ, ದಯವಿಟ್ಟು."

ಅವನು ಮುಚ್ಚಿದ. ತಣ್ಣೀರನ್ನು ಪೂರ್ತಿ ತೆರೆದ. ಉಳಿದಿಬ್ಬರನ್ನು ಕೆಳಗೆ ಕಳಿಸಿದೆ. ಅವನನ್ನೂ ಹೋಗು ಎಂದೆ. ಹೋಗಲಿಲ್ಲ.

62. 63. ಅಷ್ಟು ಹೊತ್ತಿಗೆ 48 ಲೀಟರ್ ಒಳಗೆ ಹೋಗಿರಬೇಕು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಅಷ್ಟೂ ಮಾಲು ಒಟ್ಟಿಗೆ ಕ್ರಿಯೆಗೆ ಬಿದ್ದರೆ ಮೂವತ್ತಾರು ಡಿಗ್ರಿ ಏರುತ್ತದೆ, 91. ದ್ರಾವಕ ಕುದಿಯುವುದು 82ಕ್ಕೆ. 64. ಮುಚ್ಚಳದ ಬೋಲ್ಟುಗಳನ್ನು ನೋಡುತ್ತ ನಿಂತಿದ್ದೆ. 65.

65.

65.

64.

"ಇಳೀತಾ ಐತೆ," ಎಂದ ಮುನಿರಾಜು.

ಲೆಕ್ಕ ಹೊಂದುತ್ತಿರಲಿಲ್ಲ. ಎಷ್ಟು ಬಿಟ್ಟಿರಿ ಎಂದು ಕೇಳಿದೆ. ತಲೆ ಬಗ್ಗಿಸಿದ.

"ಬಯ್ಬೇಡಿ ಮೇಡಂ. ಶೀಟಲ್ಲಿ ಇರೋವಷ್ಟು ಬಿಟ್ಟಿಲ್ಲ. ಕಾಲ್ ಭಾಗ. ಅದ್ನೈದು ಲೀಟ್ರು ಓಗಿರ್ಬೋದು. ವಾಪಸ್ ಬರೋ ನೀರಿನ ಪೈಪು ದಿನಾ ಮುಟ್ತೀನಿ, ಇವತ್ತು ಬಿಟ್ಟು ಒಂದ್ ನಿಮ್ಸಕ್ಕೇ ಕೈ ಇಡಕ್ಕಾಗ್ಲಿಲ್ಲ. ಅಂಗೇ ತಿರುವ್ಕೊಂಬಿಟ್ಟೆ."

ಒಂಬತ್ತೂ ಇಪ್ಪತ್ತಕ್ಕೆ ಶಿವಶಂಕರ್ ಸಾರ್ ಗಿರಾಕಿಗಳೊಂದಿಗೆ ಬಂದರು. ಬ್ಯಾಚ್ ನಿಂತಿರುವುದು ಕಂಡಿತು. ನಾನು ಅಲ್ಲೇ ನೆಲದ ಮೇಲೆ ಕೂತಿದ್ದೆ ಎಂದು ಆಮೇಲೆ ಯಾರೋ ಹೇಳಿದರು. ನನಗೆ ನೆನಪಿಲ್ಲ. ಮುನಿರಾಜು ನೀರು ತಂದುಕೊಟ್ಟರು, ಕುಡಿದೆ, ಅದು ನೆನಪಿದೆ.

ಅಕ್ಟೋಬರ್ 19, ಭಾನುವಾರ

ಹನುಮಯ್ಯನವರ ಶೂ ನನ್ನ ಬಳಿಯೇ ಇದೆ. ನಿನ್ನೆ ಅವರು ಮನೆಗೆ ಏನು ಹಾಕಿಕೊಂಡು ಹೋದರೋ.

ಅಕ್ಟೋಬರ್ 21, ಮಂಗಳವಾರ

ಎರಡು ಹಬ್ಬದ ದಿನಗಳ ನಡುವೆ ಒಂದು ಕೆಲಸದ ದಿನ. ಶಿವಶಂಕರ್ ಸಾರ್ ಕೋಣೆಗೆ ಕರೆದರು. ಅರಿಶಿನದ ವಿಷಯ ಶನಿವಾರವೇ ಅವರಿಗೆ ಹೇಳಿದ್ದೆ. ಡೀವಿಯೇಷನ್ ಫಾರಂ ತುಂಬಿಸಿಟ್ಟಿದ್ದರು. ಬ್ಯಾಚ್ ಹಾಳೆಯಂತೆ ನಡೆಯದಿದ್ದರೆ ಏಕೆಂದು ಬರೆಯುವ ಫಾರಂ. ಅದರಲ್ಲಿ ಮೂರು ಸಾಲು: ಆಪರೇಟರ್ ಅನುಮತಿಯಿಲ್ಲದೆ ಫೀಡ್ ಕಡಿಮೆ ಮಾಡಿದ. ನಿಗದಿತ ಪ್ರಮಾಣ ಒಳಗೆ ಹೋಗಲಿಲ್ಲ. ಬ್ಯಾಚ್ ನಿಲ್ಲಿಸಲಾಯಿತು. ಕೆಳಗೆ ನನ್ನ ಸಹಿಗೆ ಜಾಗ.

ಮೂರು ಸಾಲೂ ನಿಜ. ಒಂದು ಪದವನ್ನೂ ಸುಳ್ಳೆಂದು ಹೊಡೆದುಹಾಕಲು ಆಗುವುದಿಲ್ಲ. ಅದನ್ನು ನಾಲ್ಕು ಸಲ ಓದಿದೆ.

"ಅವನಿಗೆ ಒಂದು ಮೆಮೋ ಅಷ್ಟೇ ಕಣ್ರೀ. ಕೆಲಸ ಏನೂ ಹೋಗಲ್ಲ. ಗಿರಾಕಿಗೆ ಒಂದು ಕಾರಣ ಬೇಕು. ಪೂಜೆ ಅರಿಶಿನದಿಂದ ಅಂತ ಬರೆದು ವಿದೇಶಕ್ಕೆ ಕಳಿಸ್ತೀರಾ? ನಗ್ತಾರೆ."

ಸಂಜೆಯೊಳಗೆ ಹೇಳುತ್ತೇನೆ ಎಂದು ಫಾರಂ ತೆಗೆದುಕೊಂಡು ಬಂದೆ. ಏಕೆ ಹಾಗೆಂದೆನೋ. ಪ್ಲಾಂಟಿನ ಕ್ಯಾಂಟೀನಿನಲ್ಲಿ ಮುನಿರಾಜು ಒಬ್ಬರೇ ಟೀ ಕುಡಿಯುತ್ತಿದ್ದರು. ಸುದ್ದಿ ಅವರಿಗೆ ಮೊದಲೇ ತಲುಪಿತ್ತು.

"ಕೆಲ್ಸ ಓದ್ರೆ ಓಗ್ಲಿ ಮೇಡಂ. ನಮ್ದು ಇಲ್ಲೇ ಅನ್ನೊಂದು ಮನೆ ಐತೆ, ಬಾಡ್ಗೆ ಬತ್ತದೆ. ಮಗ ದಿನಾ ಬೈತಾನೆ, ಯಾಕ್ ಓಗ್ತೀಯ ಅಂತ." ಲೋಟ ಕೆಳಗಿಟ್ಟರು. "ಆದ್ರೆ ತಪ್ ಮಾಡ್ದ ಅಂತ ಬರೀಬಾರ್ದು. ಇಪ್ಪತ್ತೆರಡು ವರ್ಸದಲ್ಲಿ ಒಂದ್ ಹಾಳೇಲೂ ನನ್ ಎಸ್ರು ಅಂಗೆ ಬಂದಿಲ್ಲ."

ಲ್ಯಾಬಿಗೆ ಬಂದು ಶ್ಯಾಮಲಾರಿಗೆ ಫಾರಂ ತೋರಿಸಿದೆ. ಹದಿಮೂರನೇ ತಾರೀಖಿನ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ, ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಮೂರು ಸಾಲು ಓದಿದರು.

"ಅರಿಶಿನ ಅಂತ ಬರೀಬೇಡ. ಕರ್ಕ್ಯುಮಿನ್ ಅಂತ ಬರಿ. ಆಗ ಯಾರೂ ನಗಲ್ಲ, ಇನ್ನಷ್ಟು ಡೇಟಾ ಕಳಿಸಿ ಅಂತಾರೆ."

ಎರಡನ್ನೂ ಬರೆದೆ. ಮೂರು ಸಾಲಿನ ಕೆಳಗೆ ನನ್ನ ಅಕ್ಷರದಲ್ಲಿ: ವರದಿಯ ವೇಗ ತಪ್ಪು. ಮುಚ್ಚಳಕ್ಕೆ ಅರಿಶಿನ ಹಚ್ಚಿದವಳು, ಅಸಿಟೋನಿನಲ್ಲಿ ಒರೆಸಿದವಳು, ವಾಷರ್ ಬದಲಿಸದೆ ಅಳೆದವಳು ನಾನು. ಹದಿನೇಳರ ಸಂಜೆ ನಾಲ್ಕಕ್ಕೇ ಇದು ಗೊತ್ತಿದ್ದೂ ನಿಲ್ಲಿಸಿ ಎಂದು ಬರೆಯಲಿಲ್ಲ. ಆಪರೇಟರ್ ಮುನಿರಾಜು ಫೀಡನ್ನು ಕಾಲು ಭಾಗಕ್ಕೆ ಇಳಿಸಿದ್ದರಿಂದ ತಾಪಮಾನ 65ಕ್ಕೆ ನಿಂತಿತು. ಹಾಳೆಯಂತೆ ನಡೆದಿದ್ದರೆ ದ್ರಾವಕ ಕುದಿಯುತ್ತಿತ್ತು. ಪ್ಲಾಟ್‌ಫಾರಂ ಮೇಲೆ ಮೂವರಿದ್ದರು.

ಸಹಿ ಹಾಕಿ ಶಿವಶಂಕರ್ ಸಾರ್ ಮೇಜಿನ ಮೇಲಿಟ್ಟೆ. ಅವರು ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಕೊನೇ ಸಾಲು ಬೇಕಿತ್ತೇನ್ರೀ?"

"ಮೂವರಿದ್ರು ಸಾರ್."

ಅಕ್ಟೋಬರ್ 27, ಸೋಮವಾರ

ನಿರ್ಧಾರ ಬಂದಿದೆ. ಮುನಿರಾಜು ಅವರಿಗೆ ಮೆಮೋ ಇಲ್ಲ. ಆರು ತಿಂಗಳ ಕಾಲ ನನ್ನ ಯಾವ ವರದಿಯೂ ಒಬ್ಬಳ ಸಹಿಯಲ್ಲಿ ಪ್ಲಾಂಟಿಗೆ ಇಳಿಯುವಂತಿಲ್ಲ, ಎರಡನೇ ಸಹಿ ಬೇಕು. ಯಾರದ್ದು ಎಂದು ಬರೆದಿಲ್ಲ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ಅವತ್ತು ಶನಿವಾರ ಬೆಳಗ್ಗೆ ತಿಂಡಿ ತಿನ್ನದೆ ಹೋದೆಯಲ್ಲ, ಅದಕ್ಕಾ?" ಎಂದರು.

ಹೊಸ ವಾಷರ್, ಹೊಸ ರಿಯಾಕ್ಟರ್. ಐದು ರನ್. ಒಂದನ್ನು ಶ್ಯಾಮಲಾ ನಾನಿಲ್ಲದಾಗ ಮಾಡಿದರು, ನಾನೇ ಕೇಳಿಕೊಂಡಿದ್ದೆ.

ಅಕ್ಟೋಬರ್ 30, ಗುರುವಾರ

ಹೊಸ ಹಾಳೆ ಸಿದ್ಧ. ಬ್ಯಾಚ್ ಸೋಮವಾರ. ಫೀಡ್ ನಾಲ್ಕೂವರೆ ಗಂಟೆ ಎಂದು ಬರೆದಿದ್ದೇನೆ. ಎರಡನೇ ಸಹಿಗೆ ಶ್ಯಾಮಲಾ ಪೆನ್ನು ತೆಗೆದಿದ್ದರು. ಸ್ವಲ್ಪ ತಡೆಯಿರಿ ಎಂದು ಹಾಳೆ ಹಿಡಿದು ಕೆಳಗೆ ಹೋದೆ.

ಮುನಿರಾಜು ಅವರು ಕೈ ಒರೆಸಿಕೊಂಡು ಕಂಟ್ರೋಲ್ ರೂಮಿನ ಬೆಂಚಿನ ಮೇಲೆ ಕೂತು ಓದಿದರು. ಇಪ್ಪತ್ತು ನಿಮಿಷ ಹಿಡಿಯಿತು. ನಾನು ನಿಂತಿದ್ದೆ. ಮೂರು ಪ್ರಶ್ನೆ ಕೇಳಿದರು. ನಾಲ್ಕೂವರೆ ಗಂಟೆ ಒಂದೇ ಸಮ ಬಿಡಬೇಕೋ, ಮೊದಲು ಕಡಿಮೆ ಬಿಟ್ಟು ಆಮೇಲೆ ಹೆಚ್ಚಿಸಬಹುದೋ? ಒಂದೇ ಸಮ, ಎಂದೆ. ಎಷ್ಟು ಡಿಗ್ರಿಗೆ ಹೋದರೆ ಯಾರನ್ನೂ ಕೇಳದೆ ತಾವೇ ಮುಚ್ಚಬಹುದು? 58, ಅದನ್ನು ಅಲ್ಲೇ ಹಾಳೆಯಲ್ಲಿ ಬರೆದೆ.

"ನಡುವೆ ಕರೆಂಟ್ ಓಗಿ ಕಲ್ಕೋದು ನಿಂತೋಯ್ತು ಅನ್ಕೊಳಿ. ಮಾಲು ಮೇಲ್ಗಡೆ ನಿಂತಿರ್ತದೆ. ಜನರೇಟರ್ ಬಂದು ಮತ್ತೆ ತಿರ್ಗಿದ್ರೆ, ಆಗೇನಾಯ್ತದೆ?"

ಗೊತ್ತಿಲ್ಲ ಎಂದೆ. ಅದನ್ನು ಅಳೆದಿರಲಿಲ್ಲ.

ಅವರು ಪೆನ್ನಿನ ಮುಚ್ಚಳ ಹಾಕಿ, ಎರಡನೇ ಸಹಿ ಮಾಡದೆ ಹಾಳೆಯನ್ನು ನನಗೆ ವಾಪಸ್ ಕೊಟ್ಟರು. ನಾಳೆ ಬೆಳಗ್ಗೆ ಮೊದಲು ಅದನ್ನೇ ಅಳೆಯಬೇಕು. ಹತ್ತಕ್ಕೆ ಲ್ಯಾಬಿಗೆ ಬಂದು ನೋಡುತ್ತೇನೆಂದು ಹೇಳಿದ್ದಾರೆ.